ನರಕೋಶದ ಪಾಠಕ್ಕೆ ಒಂದು ಹೀರೆ ಬಳ್ಳಿ, ಇಪ್ಪತ್ತು ತುಂಡು ಚಿಕ್ಕಿ

ಗಂಗಾವತಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಮೊದಲೆಲ್ಲ ಬೋರ್ಡಿನ ಮೇಲೆ ಒಂದೇ ಒಂದು ನರಕೋಶ ಬರೆದು, ಭಾಗಗಳಿಗೆ ಹೆಸರು ಕೊಟ್ಟು ಪಾಠ ಮುಗಿಸುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಒಂಟಿ ಚಿತ್ರ ನೋಡಿದ ಮಕ್ಕಳು ನರಕೋಶ ತಾನೇ ತಾನಾಗಿ ಬೆಳೆಯುತ್ತೆ ಅಂದುಕೊಳ್ಳುತ್ತಾರೆ. ಅದನ್ನು ಹೆರುವುದು, ದಾರಿ ತೋರಿಸುವುದು, ಉಣಿಸುವುದು ಎಲ್ಲ ಅಕ್ಕಪಕ್ಕದವರೇ, ಅಂದರೆ ಸುತ್ತಲಿನ ಬೇರೆ ಕೋಶಗಳೇ. ಹಾಗಾಗಿ ಅಕ್ಕಪಕ್ಕದವರಿಂದಲೇ ಪಾಠ ಶುರು ಮಾಡಿ. ಎರಡು ಪಿರಿಯಡ್ ಸಾಕು.

ಹಿಂದಿನ ದಿನವೇ ಯಾರಿಗಾದರೂ ಹೇಳಿ, ಹೀರೆ ಬಳ್ಳಿಯ ಒಂದು ಕುಡಿ ತರಿಸಿ. ತುದಿಯ ಸುರುಳಿ ಎಳೆಯನ್ನು ಮಕ್ಕಳ ಕೈಗೆ ಕೊಡಿ. ಅದು ಚಪ್ಪರದ ದಾರ ಹುಡುಕುತ್ತಾ ಗಾಳಿಯಲ್ಲಿ ತಡಕಾಡುತ್ತೆ, ತಾಗಿದ ಕಡೆ ಸುತ್ತಿಕೊಳ್ಳುತ್ತೆ. ನರಕೋಶದಿಂದ ಹೊರಟು ಉದ್ದಕ್ಕೆ ಚಾಚುವ ಎಳೆಗೆ ಆಕ್ಸಾನ್ ಅಂತ ಹೆಸರು. ಅದರ ತುದಿಯಲ್ಲೂ ಹೀಗೇ ತಡಕಾಡುವ ಒಂದು ಭಾಗ ಇದೆ. ಅದನ್ನು 1890ರ ಹೊತ್ತಿಗೇ ಸ್ಪೇನಿನ ವಿಜ್ಞಾನಿ ರಮೋನ್ ಇ ಕಹಾಲ್ ನೋಡಿ ಚಿತ್ರ ಬರೆದಿದ್ದರು.

ಆಮೇಲೆ ಒಂದು ಗೋಣಿ ದಾರವನ್ನು ನೆಲದಿಂದ ಕಿಟಕಿಯ ಸರಳಿಗೆ ಬಿಗಿದು ಕಟ್ಟಿ. ನರಕೋಶಗಳ ಜೊತೆಗಿದ್ದು ನೆರವಾಗುವ ಕೋಶಗಳಿಗೆ ಗ್ಲಿಯಾ ಅನ್ನುತ್ತಾರೆ. ಬೆಳೆಯುತ್ತಿರುವ ಮೆದುಳಿನಲ್ಲಿ ರೇಡಿಯಲ್ ಗ್ಲಿಯಾ ಅನ್ನುವ ಕೋಶಗಳು ಒಳಗಿನ ಅಂಚಿನಿಂದ ಹೊರಗಿನ ಅಂಚಿನವರೆಗೆ ಹೀಗೆ ಚಾಚಿರುತ್ತವೆ. ಹೊಸ ನರಕೋಶ, ದಾರದ ಮೇಲೆ ಇರುವೆ ಹತ್ತಿದ ಹಾಗೆ, ಅದನ್ನು ಹಿಡಿದು ತನ್ನ ಜಾಗಕ್ಕೆ ಹೋಗುತ್ತೆ. ಇಲ್ಲಿ ಸ್ವಲ್ಪ ನಿಲ್ಲಿ. ಯಾಕಂದ್ರೆ ಆ ನರಕೋಶವನ್ನು ಹೆತ್ತಿದ್ದೂ ಇದೇ ರೇಡಿಯಲ್ ಗ್ಲಿಯಾ. ತಾಯಿಯೇ ಏಣಿ. ಇದನ್ನು ಹೇಳಿದಾಗ ಪ್ರತಿ ವರ್ಷ ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತೆ.

ಈಗ ಚಿಕ್ಕಿ ಆಟ. ಇದಕ್ಕೆ ಜಾಸ್ತಿ ಸಮಯ ಕೊಡಿ. ಇಪ್ಪತ್ತು ಮಕ್ಕಳನ್ನು ಒಂದು ಗೋಡೆಗೆ ನಿಲ್ಲಿಸಿ. ಎದುರಿನ ಬೆಂಚಿನ ಮೇಲೆ ಹತ್ತೇ ತುಂಡು ಶೇಂಗಾ ಚಿಕ್ಕಿ ಇಡಿ. ಮಕ್ಕಳು ನರಕೋಶ, ಬೆಂಚು ಸ್ನಾಯು, ಚಿಕ್ಕಿ ಗ್ರೋತ್ ಫ್ಯಾಕ್ಟರ್, ಅಂದರೆ ನರಕೋಶ ಬದುಕಿ ಉಳಿಯಲು ಬೇಕಾದ ವಸ್ತು. ಸಿಕ್ಕವರು ನಿಲ್ಲಬೇಕು, ಸಿಗದವರು ಕೂರಬೇಕು. ಹತ್ತು ಜನ ಕೂರುತ್ತಾರೆ. ಕೋಳಿ ಮರಿಯ ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ ಹೋಗುವ ನರಕೋಶಗಳಲ್ಲೂ ಸುಮಾರು ಅರ್ಧದಷ್ಟು, ಮೊಟ್ಟೆಯೊಳಗೇ ಸಾಯುತ್ತವೆ. ಎರಡನೇ ಸುತ್ತಿನಲ್ಲಿ ಬೆಂಚನ್ನೇ ತೆಗೆಯಿರಿ. ಎಲ್ಲರೂ ಕೂರುತ್ತಾರೆ. 1934ರಲ್ಲಿ ವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ ಕೋಳಿ ಭ್ರೂಣದಿಂದ ರೆಕ್ಕೆಯ ಮೊಗ್ಗು ಕತ್ತರಿಸಿ ತೆಗೆದಾಗ, ಆ ಬದಿಯ ನರಕೋಶಗಳು ತೀರಾ ಕಡಿಮೆಯಾಗಿದ್ದವು. ಮೂರನೇ ಸುತ್ತಿಗೆ ಇಪ್ಪತ್ತು ತುಂಡು ಇಡಿ. ಭ್ರೂಣಕ್ಕೆ ಇನ್ನೊಂದು ಕಾಲಿನ ಮೊಗ್ಗು ಅಂಟಿಸಿದರೆ ಆ ಬದಿ ಹೆಚ್ಚು ನರಕೋಶ ಉಳಿಯುತ್ತವೆ. ಅದೇ ಇದು.

ಹೋದ ವರ್ಷ ಮೊದಲ ಸುತ್ತು ಮುಗಿದಾಗ ಒಬ್ಬಳು ಕೇಳಿದಳು: "ಮೇಡಂ, ಕುಂತವರದ್ದೇನು ತಪ್ಪು?" ಎಂಥಾ ಪ್ರಶ್ನೆ! ಏನೂ ತಪ್ಪಿಲ್ಲ. ಸ್ನಾಯುವಿಗೆ ಎಷ್ಟು ಬೇಕು ಅಂತ ನರಕೋಶ ಹುಟ್ಟುವಾಗ ಲೆಕ್ಕ ಇರುವುದಿಲ್ಲ. ಅದಕ್ಕೇ ದೇಹ ಹೆಚ್ಚೇ ಹುಟ್ಟಿಸುತ್ತೆ, ಆಮೇಲೆ ತಾಳೆ ಹಾಕುತ್ತೆ.

ಒಂದು ಎಚ್ಚರಿಕೆ. ನಮ್ಮ ಕಡೆ ಯಾರಿಗಾದರೂ ಈ ಆಟಕ್ಕೆ ಹೋಲಿಕೆಯಾಗಿ ಥಟ್ಟನೆ ಹೊಳೆಯುವುದು ತುಂಗಭದ್ರಾ ಎಡದಂಡೆ ಕಾಲುವೆ. ನೀರು ಕಡಿಮೆ, ಕೊನೆಭಾಗದ ಹೊಲ ಒಣಗುತ್ತೆ, ಹೀಗೇ ಅಂತ ನಾನೂ ಹೇಳಿದ್ದೆ. ಪರೀಕ್ಷೆಯಲ್ಲಿ ಅರ್ಧ ಕ್ಲಾಸು ತಿರುಗುಮುರುಗು ಬರೆಯಿತು. ಕಾಲುವೆ ನೀರು ಹೊಲಕ್ಕೆ ಹರಿದು ಬರುತ್ತೆ. ಇಲ್ಲಿ ಆಕ್ಸಾನೇ ಊಟ ಇರುವಲ್ಲಿಗೆ ಹೋಗಬೇಕು. ತುದಿಯಲ್ಲಿ ಸಿಕ್ಕಿದ್ದನ್ನು ಹಿಂದಕ್ಕೆ, ಕೋಶದ ಒಡಲಿಗೆ ಸಾಗಿಸಬೇಕು. ಚಿಕ್ಕಿ ಸಿಕ್ಕ ಮಗು ಅದನ್ನು ಹಿಡಿದು ಮತ್ತೆ ಗೋಡೆಗೆ ವಾಪಸ್ ಬರಲಿ. ಆಗ ಮರೆಯುವುದಿಲ್ಲ.

ಚಿಕ್ಕಿ ತಿನ್ನುವ ಹೊತ್ತಿಗೆ ರೀಟಾ ಲೆವಿ-ಮೊಂಟಾಲ್ಚಿನಿ ಕಥೆ ಹೇಳಿ. ಇಟಲಿಯ ಟ್ಯುರಿನ್‌ನವರು. 1938ರ ಕಾನೂನು ಯಹೂದಿಗಳನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕಿತು. ಅವರು ಮಲಗುವ ಕೋಣೆಯನ್ನೇ ಲ್ಯಾಬ್ ಮಾಡಿಕೊಂಡು, ಹೊಲಿಗೆ ಸೂಜಿ ಮಸೆದು, ಕೋಳಿ ಮೊಟ್ಟೆಗಳ ಮೇಲೆ ಪ್ರಯೋಗ ಮಾಡಿದರು. 1947ರಲ್ಲಿ ಹ್ಯಾಂಬರ್ಗರ್ ಕರೆದರು ಅಂತ ಅಮೆರಿಕಕ್ಕೆ ಹೋದರು. ಇಲಿಯ ಗೆಡ್ಡೆಯಿಂದ ಹೊರಡುವ ಏನೋ ಒಂದು ವಸ್ತುವಿಗೆ ನರತಂತುಗಳು ಸೂರ್ಯನ ಕಿರಣದ ಹಾಗೆ ಸುತ್ತಲೂ ಹೊಮ್ಮುವುದನ್ನು ಕಂಡರು. ಅವರ ಜೊತೆಗಾರ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಆ ವಸ್ತುವಿನ ಬೆನ್ನು ಹತ್ತಿದರು. ಪರೀಕ್ಷೆಗೆ ಅಂತ ಹಾವಿನ ವಿಷ ಬೆರೆಸಿದರೆ, ಆ ವಿಷದಲ್ಲೇ ಅದು ಇನ್ನೂ ಜಾಸ್ತಿ ಇತ್ತು! ಅದೇ ನರ್ವ್ ಗ್ರೋತ್ ಫ್ಯಾಕ್ಟರ್. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ಲ್ಯಾಬಿನಲ್ಲಿ ಏನೂ ಇಲ್ಲ ಅನ್ನುವ ಮಕ್ಕಳಿಗೆ ಆ ಮಸೆದ ಸೂಜಿಯ ಮಾತು ಖಂಡಿತ ಹೇಳಿ.

ಉಳಿದ ಗ್ಲಿಯಾಗಳನ್ನು ಬೇಗ ಮುಗಿಸಬಹುದು. ಆಸ್ಟ್ರೋಸೈಟ್‌ಗಳು ನರಕೋಶಗಳ ನಡುವೆ ಸಂಪರ್ಕ ಹುಟ್ಟಲು ನೆರವಾಗುತ್ತವೆ. ಮೈಕ್ರೋಗ್ಲಿಯಾ ಸತ್ತ ಕೋಶಗಳನ್ನೂ ಬೇಡದ ಸಂಪರ್ಕಗಳನ್ನೂ ತಿಂದು ಹಾಕುತ್ತವೆ. ಆಕ್ಸಾನಿನ ಸುತ್ತ ಗ್ಲಿಯಾ ಸುತ್ತುವ ಹೊದಿಕೆಯಾದ ಮಯಲಿನ್ ತೋರಿಸಲು ದಾರಕ್ಕೆ ಸ್ಟ್ರಾ ತುಂಡುಗಳನ್ನು ಸಣ್ಣ ಸಣ್ಣ ಸಂದು ಬಿಟ್ಟು ಪೋಣಿಸಿ. ಗ್ಲಿಯಾ ಅಂದರೆ ಅಂಟು, ಅಷ್ಟೇ ಅಂತ ಮಾತ್ರ ಹೇಳಬೇಡಿ. ಆ ಹೆಸರು 1856ರದ್ದು. ನರಕೋಶಕ್ಕಿಂತ ಗ್ಲಿಯಾ ಹತ್ತು ಪಟ್ಟು ಇವೆ ಅನ್ನುವುದನ್ನೂ ಬಿಟ್ಟುಬಿಡಿ. 2009ರಲ್ಲಿ ಎಣಿಸಿ ನೋಡಿದಾಗ ಎರಡೂ ಹೆಚ್ಚುಕಡಿಮೆ ಸಮವೇ ಇದ್ದವು.

ಕೊನೆಯ ಅರ್ಧ ಗಂಟೆ ನಾನು ನನ್ನ ತಮ್ಮನ ಕೈಯ ಕಥೆಗೆ ಇಡುತ್ತೇನೆ. ಅಕ್ಕಿ ಗಿರಣಿಯಲ್ಲಿ ತಗಡು ತಾಗಿ, ಮೊಣಕೈ ಕೆಳಗೆ ಕಿರುಬೆರಳಿಗೆ ಹೋಗುವ ನರ ತುಂಡಾಗಿತ್ತು. ಡಾಕ್ಟರು ತಡಮಾಡದೆ ಹೊಲಿದರು. ಕತ್ತರಿಸಿದ ಜಾಗದಿಂದ ಮುಂದಿನ ಆಕ್ಸಾನ್ ಸಾಯುತ್ತೆ. ಅದನ್ನು ಸುತ್ತಿದ್ದ ಶ್ವಾನ್ ಕೋಶಗಳು, ಅಂದರೆ ಅಲ್ಲಿನ ಗ್ಲಿಯಾ, ಸಾಯುವುದಿಲ್ಲ. ಕಸ ತೆಗೆದು, ಸಾಲಾಗಿ ನಿಂತು, ಕೊಳವೆಯಂಥ ದಾರಿ ಮಾಡಿ, ಗ್ರೋತ್ ಫ್ಯಾಕ್ಟರ್‌ಗಳನ್ನು ಸುರಿಸುತ್ತವೆ. ತಿಂಗಳುಗಟ್ಟಲೆ ಆಕ್ಸಾನ್ ಬರದಿದ್ದರೆ ಅವುಗಳ ಶಕ್ತಿಯೂ ಕುಂದುತ್ತೆ. ಅದಕ್ಕೇ ಬೇಗ ಹೊಲಿಯಬೇಕು. ಮೆದುಳು, ಬೆನ್ನುಹುರಿಯಲ್ಲಿ ಗ್ಲಿಯಾ ಹೀಗೆ ದಾರಿ ಬಿಡುವುದಿಲ್ಲ. ಅಲ್ಲಿ ಕತ್ತರಿಸಿದ್ದು ಮತ್ತೆ ಬೆಳೆಯುವುದು ತುಂಬಾ ಕಷ್ಟ.

ಪ್ರತಿ ಭಾನುವಾರ ಅವನ ತೋಳಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಹೋಗುತ್ತಿದ್ದೆ. ಮೊದಲ ಕೆಲವು ವಾರ ಏನೂ ಇಲ್ಲ. ಆಮೇಲೊಂದು ದಿನ, "ಅಕ್ಕಾ, ಇಲ್ಲಿ ಜುಮ್ ಅಂತು" ಅಂದ. ಆಕ್ಸಾನಿನ ತುದಿ ಅಲ್ಲಿಗೆ ಬಂದಿತ್ತು. ಪೆನ್ನಿನಿಂದ ಗೆರೆ ಎಳೆದು, ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆದಿಟ್ಟೆ. ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ತಿಂಗಳಿಗೆ ಮೂರು ಸೆಂಟಿಮೀಟರ್. ಆ ಲೆಕ್ಕದಲ್ಲಿ ಕಿರುಬೆರಳಿಗೆ ಎಷ್ಟು ತಿಂಗಳು ಅಂತ ಮಕ್ಕಳಿಂದ ಅವರವರ ಕೈ ಮೇಲೇ ಸ್ಕೇಲ್ ಇಟ್ಟು ಅಳೆಸಿ. ಈ ಸಲ ತಮ್ಮನೇ ಕ್ಲಾಸಿಗೆ ಬಂದಿದ್ದ. ಕಣ್ಣು ಮುಚ್ಚಿ ಕೂತ. ಮುಂದಿನ ಬೆಂಚಿನ ಹುಡುಗ ಹತ್ತಿ ಎಳೆಯಿಂದ ಅವನ ಕಿರುಬೆರಳ ತುದಿ ಮುಟ್ಟಿದ. "ಹ್ಞೂಂ, ಗೊತ್ತಾಯ್ತು" ಅಂದ ತಮ್ಮ.