ಎರಡು ಕಾಲಮ್ಮಿನ ಲೆಕ್ಕ

2012ರ ಮಾರ್ಚ್. ಹೋಳಿ ಹಬ್ಬ ಹತ್ತಿರ ಬಂದಿತ್ತು. ಭೂತಾನದ ವಾಂಗ್ದಿಯಲ್ಲಿ ಬ್ಯಾಂಕಿನ ಕೌಂಟರ್ ಮುಂದೆ ನಾಲ್ಕು ಲಕ್ಷದ ಚೆಕ್ ಹಿಡಿದು ನಿಂತಿದ್ದೆ. ಒಳಗಿದ್ದ ಹುಡುಗಿ ದೋಮಾ ಜಗಿಯುತ್ತಿದ್ದಳು. ದೋಮಾ ಅಂದರೆ ಅವರ ಎಲೆ ಅಡಿಕೆ. ಚೆಕ್ ನೋಡಿದಳು, ಸಹಿ ನೋಡಿದಳು, ಕೆಂಪು ತುಟಿಯಲ್ಲೇ ನಕ್ಕಳು. "ಙುಲ್ಟ್ರಮ್ ಬೇಕಾದರೆ ಈಗಲೇ ಕೊಡುತ್ತೇನೆ ಸರ್. ರೂಪಾಯಿ ಮಿಂದು ಲಾ."

ಙುಲ್ಟ್ರಮ್ ಅಂದರೆ ಭೂತಾನದ ಹಣ. ಮಿಂದು ಅಂದರೆ ಇಲ್ಲ. ಲಾ ಅಂದರೆ ನಮ್ಮ 'ರೀ' ಇದ್ದ ಹಾಗೆ, ಮರ್ಯಾದೆಗೆ. ಇಲ್ಲ ಅನ್ನುವುದನ್ನೂ ಅಲ್ಲಿ ಮರ್ಯಾದೆಯಿಂದಲೇ ಹೇಳುತ್ತಾರೆ. ಆದರೆ ಹೊರಗೆ ಬೊಲೆರೋದಲ್ಲಿ ನಮ್ಮ ಸರ್ದಾರ್, ಅಂದರೆ ಕೆಲಸಗಾರರ ಮುಖಂಡ, ಕಾಯುತ್ತಿದ್ದ. ಹಬ್ಬಕ್ಕೆ ಊರಿಗೆ ಹೊರಟಿದ್ದ ಹದಿನೆಂಟು ಜನರ ಬಾಕಿ ಸಂಬಳ ಆ ಚೆಕ್ಕಿನಲ್ಲಿತ್ತು. ಗಡಿಯಾಚೆ ಬಂಗಾಳದ ಹಾಸಿಮಾರಾದಲ್ಲಿ ರೈಲು ಹತ್ತಿ ಜಾರ್ಖಂಡದ ಪಲಾಮುವಿಗೆ ಹೋಗುವವರಿಗೆ ಙುಲ್ಟ್ರಮ್ ಕೊಟ್ಟರೆ ಏನು ಮಾಡಬೇಕು ಅವರು?

ನಾನು ಕಾರ್ಗಲ್ ಕಡೆಯವನು. ಶರಾವತಿಯ ಅಣೆಕಟ್ಟು, ಪೆನ್‌ಸ್ಟಾಕ್ ಪೈಪು ನೋಡಿಕೊಂಡೇ ಬೆಳೆದವನು. ಅದಕ್ಕೇ ಇರಬೇಕು, 2010ರಲ್ಲಿ ಪುನಾತ್ಸಾಂಗ್‌ಛು ಜಲವಿದ್ಯುತ್ ಯೋಜನೆಯಲ್ಲಿ ಒಂದು ಸಣ್ಣ ಸಬ್ ಕಂಟ್ರಾಕ್ಟ್ ಕಂಪನಿಗೆ ಲೆಕ್ಕ ಬರೆಯಲು ಬಾ ಅಂದಾಗ ಜಾಸ್ತಿ ಯೋಚಿಸಲಿಲ್ಲ. 1200 ಮೆಗಾವಾಟಿನ ಯೋಜನೆ. ನಮ್ಮದು ಅದರಲ್ಲಿ ಚೂರು ಕೆಲಸ: ಬಂಡೆ ಕುಸಿಯದ ಹಾಗೆ ಸುರಂಗದ ಗೋಡೆಗೆ ಉದ್ದನೆಯ ಕಬ್ಬಿಣದ ರಾಕ್ ಬೋಲ್ಟ್ ಹೊಡೆದು ಶಾಟ್‌ಕ್ರೀಟ್, ಅಂದರೆ ಚಿಮ್ಮಿಸುವ ಕಾಂಕ್ರೀಟ್, ಹಾಕುವುದು. ಅರವತ್ತೆರಡು ಜನ ಕೆಲಸಗಾರರು. ಹೆಚ್ಚಿನವರು ಜಾರ್ಖಂಡದವರು, ಉಳಿದವರು ಬಂಗಾಳದ ಕೂಚ್ ಬಿಹಾರದವರು.

ಅಂದಹಾಗೆ, ಒಂದನೇ ಕ್ಲಾಸಿನಲ್ಲಿ ಕಲಿತ ಙ ಅಕ್ಷರಕ್ಕೆ ನನ್ನ ಜೀವನದಲ್ಲಿ ಕೆಲಸ ಸಿಕ್ಕಿದ್ದು ಭೂತಾನದಲ್ಲಿ. ಈ ಙುಲ್ಟ್ರಮ್ 1974ರಲ್ಲಿ ಬಂತು, ಆಗಿನಿಂದಲೂ ನಮ್ಮ ಒಂದು ರೂಪಾಯಿಗೆ ಒಂದು ಙುಲ್ಟ್ರಮ್. ಅಂಗಡಿಗಳಲ್ಲಿ ಎರಡೂ ನಡೆಯುತ್ತವೆ. ನೂರರ ನೋಟು ಕೊಟ್ಟರೆ ಚಿಲ್ಲರೆ ಯಾವುದರಲ್ಲಿ ಬಂತು ಅಂತ ಯಾರೂ ನೋಡುತ್ತಿರಲಿಲ್ಲ. ನಾನೂ ನೋಡಲಿಲ್ಲ. ಒಂದೂವರೆ ವರ್ಷ ಲೆಡ್ಜರಿನಲ್ಲಿ ಒಂದೇ ಕಾಲಮ್ ಇಟ್ಟಿದ್ದೆ. ಅಲ್ಲೇ ನಾನು ಎಡವಿದ್ದು.

ಆ ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ಈ ತಿಂಗಳು ದುಡ್ಡು ಕಳಿಸುವುದು ತಡವಾಗುತ್ತದೆ, ಇಲ್ಲಿ ರೂಪಾಯಿ ಇಲ್ಲ ಅಂತ. "ಕರೆಂಟು ಮಾರೋ ದೇಶಕ್ಕೆ ದುಡ್ಡಿಲ್ಲ ಅಂದ್ರೆ ಎಂಥದ್ದೋ ಮಾರಾಯ?" ಅಂದಳು. ಒಳ್ಳೆ ಪ್ರಶ್ನೆ. ನನಗೇ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಯೋಜನೆಯ ಹಿರಿಯ ಅಕೌಂಟ್ಸ್ ಆಫೀಸರ್ ಒಬ್ಬರು ಟೀ ಕುಡಿಯುತ್ತಾ ಬಿಡಿಸಿ ಹೇಳಿದರು.

ರೂಪಾಯಿ ಭೂತಾನಕ್ಕೆ ವಿದೇಶಿ ಹಣ. ನಮ್ಮ ರಿಸರ್ವ್ ಬ್ಯಾಂಕಿನಂಥ ಅವರ ರಾಯಲ್ ಮಾನಿಟರಿ ಅಥಾರಿಟಿ ಙುಲ್ಟ್ರಮ್ ಅಚ್ಚು ಹಾಕಬಹುದು, ರೂಪಾಯಿ ಹಾಕುವ ಹಾಗಿಲ್ಲ. ಅದನ್ನು ದುಡಿದೇ ತರಬೇಕು. ದುಡಿಯುವುದು ಮುಖ್ಯವಾಗಿ ಕರೆಂಟು ಮಾರಿ. ಛುಖಾದ 336 ಮೆಗಾವಾಟ್, ತಾಲಾದ 1020 ಮೆಗಾವಾಟ್, ಹೆಚ್ಚಿನದು ಆಗ ಭಾರತಕ್ಕೇ. ಆದರೆ ಇವು ದೊಡ್ಡ ಜಲಾಶಯ ಕಟ್ಟಿ ನೀರು ಕೂಡಿಡುವ ಯೋಜನೆಗಳಲ್ಲ. ಹೊಳೆ ಹರಿದಷ್ಟು ಕರೆಂಟು. ಮಳೆಗಾಲದಲ್ಲಿ ಹೊಳೆ ಉಕ್ಕುತ್ತದೆ, ಚಳಿಗಾಲದಲ್ಲಿ ಬತ್ತುತ್ತದೆ. ಆಗ ಭೂತಾನವೇ ಭಾರತದಿಂದ ಕರೆಂಟು ಕೊಳ್ಳುವುದುಂಟು. ಮಾರ್ಚ್ ಅಂದರೆ ಆ ಬಡ ತಿಂಗಳುಗಳ ಕೊನೆ.

ಖರ್ಚಿಗೆ ಮಾತ್ರ ಅಂಥ ಬಡ ತಿಂಗಳು ಇಲ್ಲ. ನಮ್ಮ ಯೋಜನೆಯನ್ನೇ ನೋಡಿ. ದುಡ್ಡು ಭಾರತದ್ದು, 40 ಭಾಗ ಅನುದಾನ, 60 ಭಾಗ ಶೇಕಡಾ 10 ಬಡ್ಡಿಯ ಸಾಲ. ಬಂದ ರೂಪಾಯಿ ಕಬ್ಬಿಣ, ಯಂತ್ರ, ನಮ್ಮಂಥವರ ಸಂಬಳ ಆಗಿ ಬಂದಷ್ಟೇ ಬೇಗ ವಾಪಸ್. ಊರವರ ಕೈಗೆ ಸೇರಿದ ಚೂರೂ ಕಾರು, ಟಿವಿ, ಈರುಳ್ಳಿಯ ರೂಪದಲ್ಲಿ ಗಡಿ ಊರು ಫುಂಟ್‌ಶೋಲಿಂಗಿನ ಗೇಟು ದಾಟುತ್ತಿತ್ತು. ಬ್ಯಾಂಕುಗಳು ಕಾರಿಗೆ, ಮನೆಗೆ ಧಾರಾಳವಾಗಿ ಸಾಲ ಕೊಟ್ಟಿದ್ದವು. ಆ ಸಾಲ ಙುಲ್ಟ್ರಮ್ಮಿನಲ್ಲಿ, ಕಾರು ಬರುವುದು ರೂಪಾಯಿಯಲ್ಲಿ. ಅಂತರ ತುಂಬಲು ಭಾರತದ ಬ್ಯಾಂಕುಗಳಿಂದ ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೆಗೆಯುವ ಸಾಲ. 2011ರ ಡಿಸೆಂಬರಿನಲ್ಲಿ 20 ಕೋಟಿ ಡಾಲರ್ ಮಾರಿ ಆ ಸಾಲ ಇಳಿಸಿಕೊಂಡಿದ್ದರು. ಖಜಾನೆಯಲ್ಲಿ ಡಾಲರ್ ಇತ್ತು, ರೂಪಾಯಿ ಇರಲಿಲ್ಲ. ಜಗತ್ತೆಲ್ಲ ಡಾಲರಿಗೆ ಬಾಯಿ ಬಿಡುವಾಗ ಇಲ್ಲಿ ನಮ್ಮ ಗಾಂಧೀಜಿ ನೋಟಿಗೆ ಬರ. ಮಾರ್ಚಿನಲ್ಲಿ ರೂಪಾಯಿ ಕೊಡುವುದಕ್ಕೆ ಕಡಿವಾಣ ಬಿತ್ತು, ಕಾರು ಮತ್ತು ಮನೆ ಸಾಲ ನಿಂತಿತು.

ಮೊದಲು ನಾನು ಮಾಡಿದ ಎರಡು ತಪ್ಪು ಹೇಳಿಬಿಡುತ್ತೇನೆ.

ಫೆಬ್ರವರಿಯಲ್ಲೇ ಬಜಾರಿನಲ್ಲಿ ಗುಸುಗುಸು ಇತ್ತು. ಸುದ್ದಿ ಕೇಳಿದ್ದೇ ತಡ, ಎರಡು ಲಕ್ಷ ರೂಪಾಯಿ ಬಿಡಿಸಿ ಅಲ್ಮೆರಾದಲ್ಲಿಟ್ಟೆ. ಜಾಣತನ ಅಂದುಕೊಂಡಿದ್ದೆ. ಪಕ್ಕದ ಕಂಪನಿಯವನೂ ಇಟ್ಟಿದ್ದ, ಅಂಗಡಿಯವನೂ ಇಟ್ಟಿದ್ದ. ಎಲ್ಲರೂ ಹೀಗೆ ಬಚ್ಚಿಟ್ಟರೆ ಬ್ಯಾಂಕಿನಲ್ಲಿ ಎಲ್ಲಿಂದ ಉಳಿಯಬೇಕು? ಹೋಳಿಗೆ ಹೊರಟವರಿಗೆ ಕೊಡಲು ಆ ಎರಡು ಲಕ್ಷ ಒದಗಿತು, ಸುಳ್ಳು ಹೇಳುವುದಿಲ್ಲ. ಆದರೆ ಬರಕ್ಕೆ ನಾನೂ ಒಂದು ಕೈ ಹಚ್ಚಿದ್ದೆ.

ಎರಡನೆಯದು ಇನ್ನೂ ದಡ್ಡತನ. ಏಪ್ರಿಲಿನಲ್ಲಿ ಮೂರು ಲಕ್ಷ ಙುಲ್ಟ್ರಮ್ ಚೀಲದಲ್ಲಿ ಹಾಕಿಕೊಂಡು ದೋಚುಲಾ ಘಾಟಿ ಹತ್ತಿ, ಥಿಂಪು ದಾಟಿ, ಛುಖಾ ಇಳಿದು ಫುಂಟ್‌ಶೋಲಿಂಗಿಗೆ ಹೋದೆ. ಗೇಟು ದಾಟಿದರೆ ನಮ್ಮ ಬಂಗಾಳದ ಜಯಗಾಂವ್. ಮುಂಚೆ ಅಲ್ಲಿ ಙುಲ್ಟ್ರಮ್ಮನ್ನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಿದ್ದರು. ಈಗ ಬಟ್ಟೆ ಅಂಗಡಿಯವನೊಬ್ಬ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದ: ನೂರಕ್ಕೆ ಐದು ಮುರಿದು. ಹದಿನೈದು ಸಾವಿರ ಹಾಗೇ ಹೋಯಿತು. ಕಾಗದಪತ್ರ ಇಲ್ಲದೆ ಅಷ್ಟು ಹಣ ಹೊತ್ತು ಗಡಿ ದಾಟಿದ್ದು ನೆನೆದರೆ ಈಗಲೂ ಬೆನ್ನು ತಣ್ಣಗಾಗುತ್ತದೆ. ಮಾಲೀಕರಂತೂ ಸಿಲಿಗುರಿಯಿಂದ ಫೋನಿನಲ್ಲೇ ನೀರಿಳಿಸಿದರು. ಸರಿಯಾಗಿಯೇ ಬೈದರು.

ವಾಪಸ್ ಬಂದ ರಾತ್ರಿ ಹೊಸ ಲೆಡ್ಜರ್ ತೆಗೆದು ಎರಡು ಕಾಲಮ್ ಹಾಕಿದೆ. ಒಂದರಲ್ಲಿ ಙುಲ್ಟ್ರಮ್, ಇನ್ನೊಂದರಲ್ಲಿ ರೂಪಾಯಿ. ಹಿಂದಿನ ಮೂರು ತಿಂಗಳ ಪ್ರತಿ ಖರ್ಚಿನ ಮುಂದೆ ಒಂದೇ ಪ್ರಶ್ನೆ: ಇದಕ್ಕೆ ನಿಜವಾಗಿ ರೂಪಾಯಿಯೇ ಬೇಕಾ? ಬೆಳಗಿನ ಜಾವ ಎರಡು ಗಂಟೆಗೆ ಉತ್ತರ ನೋಡಿ ನಾನೇ ದಂಗಾದೆ. ನಾವು ತಿಂಗಳಿಗೆ ಕೇಳುತ್ತಿದ್ದ ರೂಪಾಯಿಯಲ್ಲಿ ಅರ್ಧಕ್ಕೂ ಹೆಚ್ಚು ಸುಮ್ನೆ ಅಭ್ಯಾಸಬಲ. ಬಜಾರಿನಲ್ಲಿ ಕೋಳಿ ಕೊಳ್ಳಲೂ ರೂಪಾಯಿ, ಡೀಸೆಲ್‌ಗೂ ರೂಪಾಯಿ. ಕೆಲಸಗಾರರಿಗೆ ಪೂರ್ತಿ ಸಂಬಳ ರೂಪಾಯಿಯಲ್ಲಿ ಕೊಡುತ್ತಿದ್ದೆವು. ಅವರು ಅದರಲ್ಲಿ ಮೊಬೈಲ್ ರೀಚಾರ್ಜ್, ಒಂದು ಗುಟುಕು ಅರಾ, ಅಂದರೆ ಅಲ್ಲಿನ ಸಾರಾಯಿ, ಅಂತ ವಾಂಗ್ದಿಯಲ್ಲೇ ಖರ್ಚು ಮಾಡುತ್ತಿದ್ದರು.

ಸರ್ದಾರ್ ಜೊತೆ ಕೂತು ಅರವತ್ತೆರಡು ಜನರ ಪಟ್ಟಿ ಮಾಡಿದೆವು. ಯಾರು ಮನೆಗೆ ಎಷ್ಟು ಕಳಿಸಬೇಕು, ಯಾವ ತಾರೀಕಿನೊಳಗೆ, ಮನೆಯಲ್ಲಿ ಯಾರ ಹೆಸರಿನಲ್ಲಿ ಬ್ಯಾಂಕ್ ಖಾತೆ ಇದೆ. ಹನ್ನೊಂದು ಮನೆಗಳಲ್ಲಿ ಖಾತೆಯೇ ಇರಲಿಲ್ಲ. ಅದನ್ನು ತೆರೆಸುವುದಕ್ಕೇ ಎರಡು ತಿಂಗಳು ಹೋಯಿತು. ಮನೆಗೆ ಹೋಗುವ ಭಾಗ ಮಾತ್ರ ರೂಪಾಯಿ ಕಾಲಮ್ಮಿಗೆ, ಕೈಖರ್ಚು ಙುಲ್ಟ್ರಮ್ಮಿಗೆ. ಮೊದಲ ತಿಂಗಳು ಗಲಾಟೆ ಆಯಿತು. "ಬಾಬು, ಈ ಚಿತ್ರದ ನೋಟು ನಮ್ಮೂರಲ್ಲಿ ಯಾರು ತಗೋತಾರೆ?" ಅಂತ ಒಬ್ಬ ನೋಟು ನನ್ನ ಮೇಜಿನ ಮೇಲೇ ಬಿಟ್ಟುಹೋದ. ಊರಲ್ಲಿ ಅವನ ಹೆಂಡತಿಗೆ ದುಡ್ಡು ಸೇರಿದ ಫೋನ್ ಬಂದ ಮೇಲೆ ಬಂದು ಎತ್ತಿಕೊಂಡ.

ಆ ರೂಪಾಯಿ ಎಲ್ಲಿಂದ ಬಂತು? ಇದೇ ನಿಜವಾದ ಕೀಲಿ. ನಮಗೆ ಬಿಲ್ ಪಾವತಿ ಮಾಡುತ್ತಿದ್ದ ಮುಖ್ಯ ಗುತ್ತಿಗೆದಾರರಿಗೆ ಭಾರತದಲ್ಲೂ ಖಾತೆ ಇತ್ತು, ನಮಗೂ ಸಿಲಿಗುರಿಯಲ್ಲಿ ಇತ್ತು. ಹಾಗಿದ್ದೂ ಪೂರ್ತಿ ಬಿಲ್ ವಾಂಗ್ದಿಯ ಖಾತೆಗೆ ಹಾಕಿಸಿಕೊಂಡು, ಅಲ್ಲಿಂದ ರೂಪಾಯಿ ಬಿಡಿಸಲು ಕ್ಯೂ ನಿಲ್ಲುತ್ತಿದ್ದೆವು. ಯಾಕೆ ಅಂತ ಕೇಳಿದರೆ, ಮೊದಲಿಂದ ಹಾಗೇ. ಒಂದು ಪತ್ರ ಬರೆದೆ. ಬಿಲ್ಲಿನಲ್ಲಿ ಭಾರತದ ಕೆಲಸಗಾರರ ಮನೆಗೆ ಹೋಗಬೇಕಾದ ಮೊತ್ತ ಮತ್ತು ಬಿಡಿಭಾಗಗಳ ಮೊತ್ತ ಸಿಲಿಗುರಿ ಖಾತೆಗೆ, ಉಳಿದದ್ದು ಇಲ್ಲಿಗೆ. ತೆರಿಗೆ ಕಡಿತ ಪೂರ್ತಿ ಬಿಲ್ಲಿನ ಮೇಲೆ ಭೂತಾನದಲ್ಲೇ ಆಗಬೇಕು, ಚಲನ್ ಪ್ರತಿ ಜೊತೆಗಿರಬೇಕು. ಆ ಕೊನೆಯ ಸಾಲು ಇಲ್ಲದಿದ್ದರೆ ಯಾರೂ ಸಹಿ ಹಾಕುತ್ತಿರಲಿಲ್ಲ. ಆರು ವಾರ ಅಲೆದೆ. ಕೊನೆಗೆ ಒಪ್ಪಿಗೆ ಬಂತು.

ಅದು ಬರುವವರೆಗೆ ಬ್ಯಾಂಕೇ ಗತಿ. ಅಲ್ಲೂ ಒಂದು ಪಾಠ ಕಲಿತೆ. ಒಬ್ಬೊಬ್ಬನಿಗೆ ಒಂದೊಂದು ಅರ್ಜಿ ಹಾಕಿದರೆ ಒಂದೂ ಮುಂದೆ ಹೋಗುವುದಿಲ್ಲ. ಎಲ್ಲರ ಪಟ್ಟಿ, ವರ್ಕ್ ಪರ್ಮಿಟ್ ನಕಲು, ಹಾಜರಿ ಪುಸ್ತಕದ ಪುಟ, ಗುತ್ತಿಗೆ ಪತ್ರ ಎಲ್ಲಾ ಒಂದೇ ಫೈಲಿನಲ್ಲಿ ಹೊಲಿದು, ತಿಂಗಳ ಮೊದಲ ವಾರವೇ ಕೊಟ್ಟೆ. ಕೇಳಿದ್ದರಲ್ಲಿ ಮುಕ್ಕಾಲು ಭಾಗವಾದರೂ ಬಂತು. ದೋಮಾ ಹುಡುಗಿಯೇ ಒಂದು ದಿನ ಹೇಳಿದಳು, "ನಿಮ್ಮ ಫೈಲಿನಲ್ಲಿ ನಮಗೆ ಪ್ರಶ್ನೆ ಕೇಳುವ ಕೆಲಸ ಇರುವುದಿಲ್ಲ ಲಾ."

ಮೆಸ್ಸಿನ ವಿಷಯ ಹೇಳದಿದ್ದರೆ ನಮ್ಮ ಅಡುಗೆಯವನು ಬೇಜಾರು ಮಾಡಿಕೊಂಡಾನು. ಮುಂಚೆ ಅಕ್ಕಿಯಿಂದ ಆಲೂಗಡ್ಡೆವರೆಗೆ ಎಲ್ಲಾ ಜಯಗಾಂವ್‌ನಿಂದ ಲಾರಿಯಲ್ಲಿ ಬರುತ್ತಿತ್ತು. ನಾವಿದ್ದದ್ದು ಮಾತ್ರ ಪುನಾಖಾ-ವಾಂಗ್ದಿಯ ಗದ್ದೆ ಬಯಲಿನಲ್ಲಿ, ಭೂತಾನದಲ್ಲೇ ಒಳ್ಳೆ ಭತ್ತ ಬೆಳೆಯುವ ಜಾಗ! ವಾಂಗ್ದಿಯ ಬಾಜೋ ಸಂತೆಯಲ್ಲಿ ಕೆಂಪಕ್ಕಿ, ಆಲೂಗಡ್ಡೆ, ಮೂಲಂಗಿ, ಮೆಣಸಿನಕಾಯಿ, ಎಲ್ಲಾ ಙುಲ್ಟ್ರಮ್ಮಿಗೆ. ಮಲೆನಾಡಿನವನಾದ ನನಗೆ ಕೆಂಪಕ್ಕಿ ಅನ್ನ ಅಂದರೆ ಮನೆ ಊಟ. ಪಲಾಮುವಿನವರಿಗೆ ಅದು ಶಿಕ್ಷೆ. ವಾರಕ್ಕೆ ಮೂರು ದಿನ ಕೆಂಪಕ್ಕಿ ಅಂತ ರಾಜಿಯಾಯಿತು. ಬೇಳೆ, ಗೋಧಿ ಹಿಟ್ಟು, ಸಾಸಿವೆ ಎಣ್ಣೆ ಬಿಡಲು ಆಗಲಿಲ್ಲ, ಅವು ರೂಪಾಯಿ ಕಾಲಮ್ಮಿನಲ್ಲೇ ಉಳಿದವು. ಕ್ಯಾಂಪಿನ ಸಣ್ಣಪುಟ್ಟ ಕಟ್ಟಡ ಕೆಲಸಕ್ಕೆ ಭೂತಾನದ್ದೇ ಗೋಮ್ತುವಿನ ಪೆಂಡೆನ್ ಸಿಮೆಂಟ್ ತರಿಸಿದೆವು, ಅದೂ ಅಲ್ಲಿನ ನಾಣ್ಯಕ್ಕೇ. ಡ್ರಿಲ್ ಬಿಟ್‌ಗೆ ಮಾತ್ರ ಯಾವ ದಾರಿಯೂ ಇರಲಿಲ್ಲ. ಸವೆದದ್ದನ್ನು ಎರಡು ಸಲ ಸಾಣೆ ಹಿಡಿಸಿ, ಮೂರನೇ ಸಲ ಹೊಸದು ತರುವುದು ಅಂತ ಮಾಡಿಕೊಂಡೆವು.

ಜೂನ್ 24, ಭಾನುವಾರ, ಅದೇ ಬಾಜೋದಲ್ಲಿದ್ದೆ. ಗುಡ್ಡದ ಮೇಲೆ ಹೊಗೆ ಎದ್ದಿತು. ವಾಂಗ್ದಿಯ ಜೋಂಗ್, ಹದಿನೇಳನೇ ಶತಮಾನದ ಕೋಟೆ, ಕಣ್ಣೆದುರೇ ಉರಿದುಹೋಯಿತು. ಮೂಲಂಗಿ ಮಾರುತ್ತಿದ್ದ ಅಜ್ಜಿ ತಕ್ಕಡಿ ಕೆಳಗಿಟ್ಟು ಕೈ ಮುಗಿದು ನಿಂತಳು. ಆ ವಾರ ರೂಪಾಯಿ ವಿಷಯ ಯಾರ ಬಾಯಲ್ಲೂ ಬರಲಿಲ್ಲ.

ಜುಲೈ ಹೊತ್ತಿಗೆ ನಮ್ಮ ತಿಂಗಳ ರೂಪಾಯಿ ಬೇಡಿಕೆ ಮಾರ್ಚಿನ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಬ್ಯಾಂಕಿನಲ್ಲೂ ಸ್ವಲ್ಪ ಸಡಿಲವಾಗಿತ್ತು. ಹೊಳೆ ತುಂಬಿದ್ದಕ್ಕೋ, ನಮ್ಮ ಫೈಲು ದಪ್ಪವಾಗಿದ್ದಕ್ಕೋ ಹೇಳಲಾರೆ. ಆದರೂ ಹೊಳೆಯ ಲೆಕ್ಕ ನಂಬಿ ರಜೆಯ ಪಟ್ಟಿ ಬದಲಿಸಿದೆ. ದೊಡ್ಡ ಬಾಕಿ ಚುಕ್ತಾ ಎಲ್ಲಾ ಹೋಳಿಗಲ್ಲ, ಮಳೆ ಮುಗಿದ ಮೇಲೆ ಬರುವ ಛಠ್ ಹಬ್ಬಕ್ಕೆ. ಕೆಲಸಗಾರರೂ ಒಪ್ಪಿದರು, ಅವರಿಗೆ ಛಠ್ ದೊಡ್ಡ ಹಬ್ಬ. 2013ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ಭೂತಾನದ ಜೊತೆ 10 ಕೋಟಿ ಡಾಲರ್ ಮಟ್ಟದ ಕರೆನ್ಸಿ ಸ್ವಾಪ್, ಅಂದರೆ ಸ್ವಲ್ಪ ಕಾಲಕ್ಕೆ ಹಣ ಅದಲುಬದಲು ಮಾಡಿಕೊಳ್ಳುವ, ಒಪ್ಪಂದ ಮಾಡಿಕೊಂಡಿತು. ಅಷ್ಟರಲ್ಲಿ ನಮಗೆ ರೂಪಾಯಿ ಬರದ ಬಿಸಿ ಹೆಚ್ಚು ತಟ್ಟುತ್ತಿರಲಿಲ್ಲ. ಆ ವರ್ಷದ ಕೊನೆಗೆ ನಾನು ಕೆಲಸ ಬಿಟ್ಟು ಊರಿಗೆ ಬಂದೆ.

2022ರ ಆಗಸ್ಟಿನಲ್ಲಿ ಭೂತಾನ ವಿದೇಶಿ ಹಣ ಉಳಿಸಲು ವಾಹನ ಆಮದು ಮತ್ತೆ ನಿಲ್ಲಿಸಿತು. ಮುಂದಿನ ತಿಂಗಳೇ ಇನ್ನೊಂದು ಸುದ್ದಿ: ವರ್ಷಕ್ಕೆ 17,000 ಟನ್ ಭೂತಾನದ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಭಾರತ ಒಪ್ಪಿದೆ, ಅದೂ ಜಯಗಾಂವ್ ಮೂಲಕ. ಮಲೆನಾಡಿನ ತೋಟಗಳಲ್ಲಿ ಸಿಟ್ಟೋ ಸಿಟ್ಟು. ಸಾಗರದ ಚಿಕ್ಕಪ್ಪ ಪೇಪರ್ ಹಿಡಿದು ನಮ್ಮ ಜಗಲಿಗೆ ಬಂದರು.

"ನೋಡಿದ್ಯಾ ನಿನ್ನ ದೇಶದವರ ಕೆಲಸ? ಇನ್ನು ನಮ್ಮ ಅಡಿಕೆ ಕೇಳೋರ್ಯಾರು?"

"ಅವರಿಗೂ ರೂಪಾಯಿ ಬೇಕಲ್ಲ ಚಿಕ್ಕಪ್ಪ," ಅಂದೆ.

"ಅದಕ್ಕೆ ನಮ್ಮ ತೋಟವೇ ಆಗ್ಬೇಕಿತ್ತಾ ಅವರಿಗೆ?" ಅಂದವರು ಎಲೆ ತಟ್ಟೆ ಹತ್ತಿರ ಎಳೆದುಕೊಂಡು, ಒಂದು ಹೋಳು ಅಡಿಕೆ ಬಾಯಿಗೆ ಹಾಕಿಕೊಂಡರು.