ದೊಡ್ಡಪ್ಪನ ಪಂಚೆಗೆ ತುಕ್ಕಿನ ಅಚ್ಚು

ಮುಂಬಯಿಯ ಮಾಟುಂಗದಲ್ಲಿದ್ದ ಹೋಟೆಲು ಮುಚ್ಚಿದ ಮೇಲೆ ದೊಡ್ಡಪ್ಪ ನನಗೆ ಕೊಟ್ಟದ್ದು ನಾಲ್ಕು ಹಳೇ ಪಂಚೆ, ಒಂದು ಡಬ್ಬ ಕಬ್ಬಿಣ: ಶಟರಿನ ಸರಪಳಿ, ಎರಡು ಬೀಗ, ನಟ್ಟು-ಬೋಲ್ಟು. ಗುಜರಿಯ ಭಂಗಾರ್‌ವಾಲಾ ಎರಡು ಸಲ ಕೇಳಿದ, ಕೊಡಲಿಲ್ಲ. ಇಲ್ಲಿನ ಘಾಟ್ಕೋಪರಿನ ಕಲಾವಿದ ಅತುಲ್ ದೋಡಿಯಾ ಅಂಗಡಿ ಶಟರಿನ ಮೇಲೆಯೇ ಚಿತ್ರ ಬರೆದವರು. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ 2006ರಲ್ಲಿ ಡಾಂಬರಿನ ಡ್ರಮ್ಮುಗಳಿಂದ ಒಂದು ಕೋಣೆಯನ್ನೇ ಕಟ್ಟಿದರು. ನನಗಿರುವುದು ಡೊಂಬಿವಿಲಿಯ ಬಾಲ್ಕನಿ ಮಾತ್ರ ಮಾರಾಯ್ರೆ, ಅದರಲ್ಲಿ ಅರ್ಧ ತುಳಸಿಕಟ್ಟೆ. ಅಲ್ಲಿ ಆಗುವಂಥದ್ದು ತುಕ್ಕಿನ ಅಚ್ಚು: ಒದ್ದೆ ಬಟ್ಟೆಯಲ್ಲಿ ಕಬ್ಬಿಣ ಸುತ್ತಿಟ್ಟು ಅದರ ಆಕಾರವನ್ನು ತುಕ್ಕಿನಿಂದಲೇ ಮೂಡಿಸುವುದು.

ಬಟ್ಟೆ ಹತ್ತಿಯದ್ದಿರಲಿ. ರೇಷ್ಮೆಯೂ ಆದೀತು, ಪಾಲಿಯೆಸ್ಟರ್ ಬೇಡ. ಹೊಸದಾದರೆ ಬಿಸಿನೀರಲ್ಲಿ ಒಗೆದು ಗಂಜಿ ಬಿಡಿಸಿ. ಕಬ್ಬಿಣ ಆರಿಸುವಲ್ಲೇ ಎಲ್ಲರೂ ಎಡವುವುದು. ಸ್ಟೇನ್‌ಲೆಸ್ ಸ್ಟೀಲಿನಿಂದ ಏನೂ ಮೂಡದು. ಅಂಗಡಿಯಿಂದ ತಂದ ಹೊಳೆಯುವ ಮೊಳೆ, ವಾಷರುಗಳಿಗೆ ಸತುವಿನ ಲೇಪ ಇರುತ್ತದೆ. ಮೊದಲ ಸಲ ಅವನ್ನೇ ಸುತ್ತಿಟ್ಟು ಮೂರು ದಿನ ಕಾದೆ, ಬಿಚ್ಚಿದರೆ ಪಂಚೆ ಇದ್ದ ಹಾಗೇ ಬಿಳಿ. ಮೊದಲೇ ತುಕ್ಕು ಹಿಡಿದ ಕಬ್ಬಿಣವೇ ಒಳ್ಳೆಯದು.

ಕೈಗವಸು ಹಾಕಿಕೊಳ್ಳಿ. ವಿನೆಗರು, ನೀರು ಸಮಪಾಲು ಬೆರೆಸಿ ಬಟ್ಟೆ ಅದ್ದಿ ಹಿಂಡಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ ಕಬ್ಬಿಣ ಜೋಡಿಸಿ. ಮುಟ್ಟಿದಲ್ಲಷ್ಟೇ ರೇಖೆ ಚೊಕ್ಕವಾಗಿ ಬೀಳುತ್ತದೆ, ಆದ್ದರಿಂದ ಬಿಗಿಯಾಗಿ ಸುತ್ತಿ ದಾರ ಕಟ್ಟಿ. ಪ್ಲಾಸ್ಟಿಕ್ ಮಾತ್ರ ಸಡಿಲವಿರಲಿ: ಆಮ್ಲ ಕಬ್ಬಿಣವನ್ನು ಚೂರು ಕರಗಿಸುತ್ತದೆ, ಅದನ್ನು ತುಕ್ಕಾಗಿಸಿ ನೂಲಿಗೆ ಹಿಡಿಸುವುದು ಗಾಳಿ. ಬಟ್ಟೆ ಒಣಗಿದರೆ ಕೆಲಸ ನಿಂತಂತೆ. ಮೇ ತಿಂಗಳಲ್ಲಿ ಆಗಾಗ ನೀರು ಚಿಮುಕಿಸಬೇಕು. ಜುಲೈಯಲ್ಲಿ ಇಲ್ಲಿನ ಮಳೆಗಾಲವೇ ನೋಡಿಕೊಳ್ಳುತ್ತದೆ. ಒಣಗದ ಚಡ್ಡಿ-ಬನಿಯನ್ನಿಗೆ ಬೈಯುವ ಊರಿನಲ್ಲಿ ಇದೊಂದು ಲಾಭ.

ಒಂದು ದಿನ ಬಿಟ್ಟು ಮೂಲೆ ಬಿಚ್ಚಿ ನೋಡಿ. ಕೇಸರಿ ಬಂದಿದ್ದರೆ ಸಾಕು. ಗಾಢ ಬೇಕೆಂದರೆ ಇನ್ನೊಂದು ದಿನ. ಅದಕ್ಕೂ ಮೀರಿ ಆಸೆ ಬೇಡ, ಕಬ್ಬಿಣ ನೂಲನ್ನೇ ತಿನ್ನುತ್ತದೆ. ವಾರ ಮರೆತ ನನ್ನ ಎರಡನೇ ಪಂಚೆಯಲ್ಲಿ ಬೋಲ್ಟಿನ ಜಾಗದಲ್ಲಿ ತೂತು.

ಕಪ್ಪು ಬೇಕಾದವರು ಅಚ್ಚಾದ ಬಟ್ಟೆಯನ್ನು ಹಾಲಿಲ್ಲದ ಕಡು ಚಹಾದಲ್ಲಿ ಅದ್ದಿ. ಕಣ್ಣೆದುರೇ ಕೇಸರಿ ಕಪ್ಪಿಗೆ ತಿರುಗುತ್ತದೆ. ಬಟ್ಟೆಯ ಮೇಲೆ ಚಿತ್ರ ಬರೆಯುವ ಕಲಂಕಾರಿಯವರು ಬೆಲ್ಲದ ನೀರಲ್ಲಿ ಕಬ್ಬಿಣ ಹುಳಿಸಿ ಮಾಡುವ ಕಪ್ಪಿನ ಗುಟ್ಟೂ ಇದೇ. ಅವರಿಗೆ ಅಳಲೆಕಾಯಿಯ ಒಗರು, ನಮಗೆ ಚಹಾದ್ದು.

ಕೊನೆಗೆ ತಣ್ಣೀರಲ್ಲಿ ಜಾಲಿಸಿ, ಅಡುಗೆಸೋಡಾ ಕರಗಿಸಿದ ನೀರಲ್ಲಿ ಕಾಲುಗಂಟೆ ನೆನೆಸಿ, ಸೋಪಿನಲ್ಲಿ ಬೇರೆಯಾಗಿ ಒಗೆಯಿರಿ. ವಿನೆಗರು ಇದ್ದಲ್ಲಿ ಬ್ಲೀಚು ತರಲೇಬೇಡಿ, ವಿಷಗಾಳಿ ಏಳುತ್ತದೆ. ಆ ಬಕೆಟ್ಟು ಮತ್ತೆ ಅಡುಗೆಮನೆಗೆ ಹೋಗಬಾರದು.

ಮೂರನೇ ಪಂಚೆಯನ್ನು ಗೋಡೆಗೆ ಹಾಕಿದೆ. "ಕಲೆ ಹೋಗ್ಲಿಲ್ವಾ?" ಅಂದರು ಅತ್ತೆ. ದೊಡ್ಡಪ್ಪ ಬಂದವರು ಕನ್ನಡಕ ಏರಿಸಿ ಹತ್ತಿರ ಹೋದರು. ಬೀಗದ ಅಚ್ಚಿನ ಮೇಲೆ ಬೆರಳಿಟ್ಟು, "ಇದು ಎಡಬದಿಯದ್ದು ಮಗಾ, ಮಳೆ ಬಂದ್ರೆ ಕೀಲಿ ತಿರುಗ್ತಿರ್ಲಿಲ್ಲ" ಅಂದರು.