ಮರಳಿಗಿಳಿದ ಮರಿಗಳನ್ನು ಎಣಿಸುತ್ತಾ: ಚಪ್ಪಟೆ ಮೀನಿನ ಜೊತೆ ನನ್ನ ಅನುಭವ

ಉತ್ತರ ಸಮುದ್ರದ ಪ್ಲೇಸ್, ನಮ್ಮ ಕರಾವಳಿಯ ನಂಗು ಮೀನಿನಂತೆಯೇ ಚಪ್ಪಟೆ ಮೀನು. ಚಳಿಗಾಲದಲ್ಲಿ ಒಂದೊಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ, ದೊಡ್ಡದಾದರೆ ಲಕ್ಷಗಟ್ಟಲೆ. ಅಷ್ಟೂ ಎಲ್ಲಿ ಹೋಗುತ್ತವೆ? ಇದನ್ನು ತಿಳಿಯಲೆಂದೇ ನಾನು ನೆದರ್‌ಲೆಂಡ್ಸ್ ಕರಾವಳಿಯ ವಾಡನ್ ಸಮುದ್ರದಲ್ಲಿ, ಇಳಿತದಲ್ಲಿ ತೆರೆದುಕೊಳ್ಳುವ ಮರಳು ಬಯಲುಗಳ ಮೇಲೆ ಬಲೆ ಎಳೆಯತೊಡಗಿದ್ದು.

ಮೊಟ್ಟೆಯೊಡೆದ ಮರಿ ಉಳಿದ ಮೀನುಗಳಂತೆ ನೆಟ್ಟಗೇ ಈಜುತ್ತದೆ. ನೀರಿನ ಸೆಳೆತದಲ್ಲಿ ದಡದತ್ತ ಬರುವ ಹೊತ್ತಿಗೆ ಎಡಗಣ್ಣು ಬಲಬದಿಗೆ ಸರಿದಿರುತ್ತದೆ. ಒಂದು, ಒಂದೂಕಾಲು ಸೆಂಟಿಮೀಟರ್ ಉದ್ದದ ಮರಿ ಮರಳಿಗಿಳಿಯುತ್ತದೆ. ಒಂದು ವರ್ಷ ಮರಿಗಳು ದಂಡಿಯಾಗಿ ಬರುತ್ತವೆಯೋ ಇಲ್ಲವೋ ಎಂಬುದು ಬಹುಪಾಲು ತೆರೆದ ಸಮುದ್ರದಲ್ಲೇ ತೀರ್ಮಾನವಾಗುತ್ತದೆ. ನನ್ನನ್ನು ಹಿಡಿದಿಟ್ಟದ್ದು ಮಾತ್ರ ಅವು ತಳ ಮುಟ್ಟಿದ ನಂತರದ ವಾರಗಳು.

ನಾನು ಬಳಸಿದ್ದು ಎರಡು ಮೀಟರ್ ಅಗಲದ, ಸಣ್ಣ ಕಣ್ಣಿನ ಟ್ರಾಲ್ ಬಲೆ. ಉಬ್ಬರದ ಹೊತ್ತಿನಲ್ಲೇ ಎಳೆಯುತ್ತಿದ್ದೆ. ಇಳಿತದಲ್ಲಿ ಮೀನುಗಳು ಕಾಲುವೆಗಳಿಗೆ ಸರಿದು ಒತ್ತೊತ್ತಾಗುವುದರಿಂದ ಲೆಕ್ಕ ಕೆಡುತ್ತದೆ. ಪ್ರತಿ ಸಲವೂ ಅದೇ ಜಾಗಗಳು, ಅದೇ ದೂರ. ಬಲೆಗೆ ಬಿದ್ದದ್ದೇ ಅಲ್ಲಿರುವುದೆಲ್ಲ ಅಲ್ಲ: ತೀರಾ ಸಣ್ಣವು ಕಣ್ಣಿನಿಂದ ನುಸುಳುತ್ತವೆ, ದೊಡ್ಡವು ಬಲೆಯಿಂದ ತಪ್ಪಿಸಿಕೊಳ್ಳುತ್ತವೆ. ಆದ್ದರಿಂದ ಅಳತೆವಾರು ತಿದ್ದುಪಡಿ ಮಾಡಲೇಬೇಕು.

ಮೀನನ್ನಷ್ಟೇ ಎಣಿಸಿದರೆ ಕೆಲಸ ಅರ್ಧವೂ ಆಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಲೆಗೆ ಬಿದ್ದದ್ದನ್ನು ಸುರಿದ ಅದೇ ತಟ್ಟೆಯಲ್ಲಿರುವ, ಮರಿಗಳನ್ನು ತಿನ್ನುವ ಕಂದು ಸಿಗಡಿ ಮತ್ತು ಏಡಿಗಳನ್ನೂ ಒಂದೊಂದಾಗಿ ಅಳೆಯಬೇಕು. ದೊಡ್ಡ ಸಿಗಡಿಯ ಹೊಟ್ಟೆ ಬಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಜಜ್ಜಿದ ಮಾಂಸದ ನಡುವೆ ಗಾಜಿನ ಚೂರಿನಂತೆ ಹೊಳೆಯುವ ಪುಟ್ಟ ಬಿಲ್ಲೆ ಕಾಣಸಿಗುತ್ತದೆ. ಅದು ಮರಿಯ ಒಳಗಿವಿಯ ಕಲ್ಲು, ಓಟೊಲಿತ್. ಮೈಯೆಲ್ಲ ಕರಗಿದ್ದರೂ ಯಾರು ಯಾರನ್ನು ತಿಂದರು ಎಂಬುದಕ್ಕೆ ಇದೊಂದು ಸಾಕ್ಷಿ ಸಾಕು. ಬದುಕಿರುವ ಮರಿಯಲ್ಲಾದರೆ ಇದೇ ಕಲ್ಲಿನ ದಿನಕ್ಕೊಂದು ಉಂಗುರ ಎಣಿಸಿ ವಯಸ್ಸನ್ನೂ ಹೇಳಬಹುದು.

ಮರಿ ಮೂರು ಸೆಂಟಿಮೀಟರ್ ದಾಟಿತೆಂದರೆ ಸಿಗಡಿಯ ಕಾಟ ಬಹುಮಟ್ಟಿಗೆ ಮುಗಿದಂತೆ. ಅಲ್ಲಿಯವರೆಗೆ ಎಷ್ಟು ಬೇಗ ಬೆಳೆಯುತ್ತದೆ ಎಂಬುದರ ಮೇಲೇ ಅದರ ಜೀವ ನಿಂತಿದೆ. ಹಾಗಾದರೆ ಬೆಚ್ಚಗಿನ ನೀರು ಒಳ್ಳೆಯದಲ್ಲವೇ ಎಂದು ಕೇಳಬಹುದು. ಆದರೆ ಅದೇ ಬಿಸಿಗೆ ಸಿಗಡಿಯೂ ಬೇಗ ಬಂದು, ಬೇಗ ಬಲಿಯುತ್ತದೆ. ಕಡುಚಳಿ ಬಿದ್ದ ವರ್ಷ ಸಿಗಡಿ ಆಳದ ನೀರಿನಿಂದ ತಡವಾಗಿ ಮರಳುತ್ತದೆ, ಮರಿಗಳಿಗೆ ಮುನ್ನಡೆ ಸಿಗುತ್ತದೆ. 1963, 1985, 1996ರ ಕೊರೆಯುವ ಚಳಿಯ ಬೆನ್ನಿಗೇ ಪ್ಲೇಸ್ ಮರಿಗಳ ದೊಡ್ಡ ಪೀಳಿಗೆಗಳು ಬಂದದ್ದಕ್ಕೆ ಇದೂ ಒಂದು ಕಾರಣ.

ಮರಿಗಳು ಹೆಚ್ಚು ಒತ್ತೊತ್ತಾಗಿ ಇಳಿದ ಕಡೆ ಸಾಯುವ ಪಾಲೂ ಹೆಚ್ಚು. ಹಾಗಾಗಿ ಮರಿಗಳ ತಾಣ ಎಷ್ಟು ವಿಶಾಲ ಎಂಬುದು ತುಂಬ ಮುಖ್ಯ. ಸ್ವೀಡನ್ನಿನ ಪಶ್ಚಿಮ ಕರಾವಳಿಯ ಆಳವಿಲ್ಲದ ಕೊಲ್ಲಿಗಳಲ್ಲಿ ಹಸಿರು ಪಾಚಿ ಹಾಸಿಕೊಂಡು ಬರಿಮರಳೇ ಮುಚ್ಚಿಹೋಗುತ್ತಿದೆ. ಅಂಥಲ್ಲಿ ಇಳಿಯುವ ಮರಿಗೆ ಹೂತುಕೊಳ್ಳಲು ಜಾಗವೇ ಇರುವುದಿಲ್ಲ. ನನಗೆ ಇದು ಸಿಗಡಿಗಿಂತ ಹೆಚ್ಚು ಚಿಂತೆಯ ವಿಷಯ. ಸಿಗಡಿ ಹೆಚ್ಚು-ಕಡಿಮೆ ಆಗುತ್ತಿರುತ್ತದೆ, ಹೋದ ತಾಣ ಸುಲಭಕ್ಕೆ ಮರಳುವುದಿಲ್ಲ.

ಊಟದ ಮಾತು ಬೇರೆ. ಮರಿಗಳು ಚಿಪ್ಪುಜೀವಿಗಳ ಹೊರಚಾಚಿದ ನಳಿಕೆಯ ತುದಿ, ಹುಳುಗಳ ಬಾಲ ಕಚ್ಚಿ ತಿನ್ನುತ್ತವೆ. ಕಳೆದುಕೊಂಡ ತುಂಡು ಮತ್ತೆ ಬೆಳೆಯುತ್ತದೆ. ಬೇಸಿಗೆಯ ಕೊನೆಗೆ ಅವುಗಳ ಬೆಳವಣಿಗೆ ಕುಂಟುವುದನ್ನು ಅಳತೆಪಟ್ಟಿಯಲ್ಲಿ ನೋಡಿದ್ದೇನೆ. ನೀರಿನ ಬಿಸಿ ಸಾಕಷ್ಟಿರುವಾಗಲೂ ಹೀಗಾಗುತ್ತದೆ.

ಎಳೆಯ ಪ್ಲೇಸ್ ಬಲೆಗೆ ಬಿದ್ದು ವ್ಯರ್ಥವಾಗಿ ಸಾಯುವುದನ್ನು ತಡೆಯಲು 1989ರಲ್ಲಿ ಈ ಕರಾವಳಿಯಾಚೆಯ ನೀರಿನಲ್ಲಿ ದೊಡ್ಡ ಟ್ರಾಲರುಗಳಿಗೆ ನಿರ್ಬಂಧ ಹಾಕಲಾಯಿತು. ಈಗ ದಡದ ನೀರು ಬಿಸಿಯೇರುತ್ತಿರುವಂತೆ ಮರಿಗಳು ಮೊದಲಿಗಿಂತ ಬೇಗ ಆಳಕ್ಕೆ ಸರಿಯುತ್ತಿವೆ, ಹಲವು ಆ ನಿರ್ಬಂಧಿತ ಪ್ರದೇಶದ ಗಡಿಯನ್ನೇ ದಾಟಿಹೋಗುತ್ತವೆ. ಆದ್ದರಿಂದ ದಡದ ಎಣಿಕೆಯ ಜೊತೆಗೆ ಆಳದ ನೀರಿನಲ್ಲೂ ಬಲೆ ಎಳೆಯುವುದು ಈಗ ಅನಿವಾರ್ಯ.